ಭಾರ ಎಲ್ಲಿ ಕೂರಬೇಕು? ಬೆನ್ನುಚೀಲದ ಕಥೆ



ಬೇಸಿಗೆ ರಜೆ ಹತ್ತಿರ ಬಂತು. ನಮ್ಮ ಕನ್ನಡ ಶಾಲೆಯ ಎಷ್ಟೋ ಮಕ್ಕಳು ಈ ಸಲ ಸ್ಕೌಟ್ ಜೊತೆಗೋ, ಗೆಳೆಯರ ಜೊತೆಗೋ, ಅಪ್ಪ ಅಮ್ಮನ ಜೊತೆಗೋ ಕಾಡಿನಲ್ಲಿ ಒಂದು ರಾತ್ರಿ ಟೆಂಟ್ ಹಾಕಿ ಮಲಗಲು ಹೊರಟಿದ್ದಾರೆ. ಹೋದ ತಿಂಗಳು ಶನಿವಾರದ ಕ್ಲಾಸ್ ಮುಗಿದು ನಾನು ಹೊರಗೆ ಬಂದಾಗ, ಮಕ್ಕಳಿಗಾಗಿ ಕಾಯುತ್ತಿದ್ದ ಇಬ್ಬರು ಆಂಟಿಯರು ನನ್ನನ್ನು ಒಂದೇ ಪ್ರಶ್ನೆ ಕೇಳಿದರು: "ಕ್ಯಾಂಪಿಂಗ್‌ಗೆ ಯಾವ ಬ್ಯಾಗ್ ತಗೊಳ್ಳೋದು? ಎಷ್ಟು ಲೀಟರ್‌ದು?"

ಬಸ್ಸಿಗೆ ಹೊತ್ತಾಗಿತ್ತು, ಏನೋ ಒಂದು ಹೇಳಿ ಓಡಿದೆ. ಆಮೇಲೆ ಯೋಚಿಸಿದರೆ ಆ ಪ್ರಶ್ನೆಗೆ ಎರಡು ಮಾತಿನಲ್ಲಿ ಉತ್ತರ ಕೊಡಲು ಆಗುವುದಿಲ್ಲ ಅನ್ನಿಸಿತು. ಯಾಕೆಂದರೆ ನಾನೇ ಈ ವಿಷಯದಲ್ಲಿ ಒಂದು ಸಲ ಚೆನ್ನಾಗಿ ಪೆಟ್ಟು ತಿಂದಿದ್ದೇನೆ.

ಹೋದ ವರ್ಷ ಸೆಪ್ಟೆಂಬರ್‌ನಲ್ಲಿ ನಾವು ನಾಲ್ಕು ಜನ ಗೆಳೆಯರು, ಒಬ್ಬ ಗೆಳೆಯನ ಅಣ್ಣನ ಜೊತೆ ಬ್ಲ್ಯಾಕ್ ಫಾರೆಸ್ಟ್‌ಗೆ ಹೋದೆವು. ನಿಮಗೆ ಗೊತ್ತಿರಬಹುದು, ಜರ್ಮನಿಯಲ್ಲಿ ಕಾಡಿನೊಳಗೆ ಎಲ್ಲೆಂದರಲ್ಲಿ ಟೆಂಟ್ ಹಾಕುವ ಹಾಗಿಲ್ಲ. ಅದಕ್ಕಾಗಿಯೇ ಗುರುತು ಮಾಡಿದ ಟ್ರೆಕ್ಕಿಂಗ್ ಕ್ಯಾಂಪ್‌ಗಳಿವೆ. ಮೊದಲೇ ಬುಕ್ ಮಾಡಬೇಕು, ನಡೆದೇ ತಲುಪಬೇಕು, ಅಲ್ಲಿ ಅಂಗಡಿ ಇರುವುದಿಲ್ಲ. ಅಂದರೆ ಬೇಕಾದದ್ದೆಲ್ಲ ಬೆನ್ನ ಮೇಲೇ ಹೋಗಬೇಕು.

ನನ್ನ ಹತ್ತಿರ ದೊಡ್ಡ ಬ್ಯಾಗ್ ಇರಲಿಲ್ಲ. ಅಪ್ಪ ಕಾಲೇಜಿನಲ್ಲಿದ್ದಾಗ ಕುಮಾರ ಪರ್ವತ ಹತ್ತಲು ಕೊಂಡಿದ್ದ 75 ಲೀಟರ್‌ನ ರಕ್‌ಸ್ಯಾಕ್ ನೆಲಮಾಳಿಗೆಯಲ್ಲಿತ್ತು. ಅಪ್ಪ ಅದನ್ನು ಒರೆಸಿ, ಹೆಮ್ಮೆಯಿಂದ ನನ್ನ ಕೈಗೆ ಕೊಟ್ಟರು. ಅಪ್ಪ ನನಗಿಂತ 20 ಸೆಂಟಿಮೀಟರ್ ಎತ್ತರ. ಆ ಬ್ಯಾಗಿನ ಸೊಂಟದ ಪಟ್ಟಿ ನನಗೆ ತೊಡೆಯ ಹತ್ತಿರ ಬರುತ್ತಿತ್ತು, ಹಾಗಾಗಿ ಅದನ್ನು ಕಟ್ಟಲೇ ಇಲ್ಲ. ಜಾಗ ಇದೆ ಅಂತ ಅಮ್ಮ ಇನ್ನೊಂದು ಸ್ವೆಟರ್, ಚಪಾತಿ ಡಬ್ಬ, ಗಾಜಿನ ಬಾಟಲಿಯಲ್ಲಿ ಉಪ್ಪಿನಕಾಯಿ ಎಲ್ಲ ತುಂಬಿದರು. ನಾನೂ ಬೇಡ ಅನ್ನಲಿಲ್ಲ.

ಮೂರನೇ ಗಂಟೆಗೆ ಎರಡೂ ಹೆಗಲು ಉರಿಯತೊಡಗಿದವು. ನಾಲ್ಕನೇ ಗಂಟೆಗೆ ಬೆರಳುಗಳು ಜೋಮು ಹಿಡಿದವು. ಒಬ್ಬ ಗೆಳೆಯ ಏನೂ ಹೇಳದೆ ನನ್ನ ನೀರಿನ ಬಾಟಲಿಗಳನ್ನು ತೆಗೆದುಕೊಂಡ. ಇನ್ನೊಬ್ಬಳು ಟೆಂಟಿನ ಕಡ್ಡಿಗಳನ್ನು ತೆಗೆದುಕೊಂಡಳು. ಯಾರೂ ನಗಲಿಲ್ಲ, ಯಾರೂ ಬೈಯಲಿಲ್ಲ. ನನಗೆ ಅದೇ ಹೆಚ್ಚು ಕಷ್ಟವಾಯಿತು. ಮನೆಗೆ ಬಂದು ಬ್ಯಾಗನ್ನು ತೂಕದ ಯಂತ್ರದ ಮೇಲೆ ಇಟ್ಟು ನೋಡಿದರೆ, ನೀರು ಖಾಲಿಯಾದ ಮೇಲೂ 14 ಕೆಜಿ! ಹೊರಡುವಾಗ 17 ಇದ್ದಿರಬೇಕು. ನನ್ನ ತೂಕವೇ ಆಗ 54.

ಅದೇ ತಿಂಗಳು ನಮ್ಮ ಹೈಸ್ಕೂಲಿನ ಇತಿಹಾಸದ ಟೀಚರ್, ದಿನಬಳಕೆಯ ಒಂದು ವಸ್ತುವಿನ ಚರಿತ್ರೆಯನ್ನು ಹುಡುಕಿ ಬರೆಯಿರಿ ಅಂದರು. ನಾನು ರಕ್‌ಸ್ಯಾಕ್ ಆರಿಸಿಕೊಂಡೆ. ಓದುತ್ತಾ ಹೋದ ಹಾಗೆ ಒಂದು ವಿಷಯ ಸ್ಪಷ್ಟವಾಯಿತು. ಈ ಚೀಲದ ಚರಿತ್ರೆ ಎಂದರೆ, ಭಾರವನ್ನು ಮೈಯ ಯಾವ ಭಾಗದ ಮೇಲೆ ಕೂರಿಸಬೇಕು ಎಂದು ಮನುಷ್ಯರು ಹುಡುಕಿದ ಚರಿತ್ರೆ. ಅದು ಗೊತ್ತಾದರೆ ಅಂಗಡಿಯಲ್ಲಿ ಯಾವ ಬ್ಯಾಗ್ ತೆಗೆದುಕೊಳ್ಳಬೇಕು ಎನ್ನುವುದೂ ಅರ್ಧ ಗೊತ್ತಾದ ಹಾಗೆ. ಅದನ್ನೇ ನಿಮಗೆ ಹೇಳುತ್ತೇನೆ.

ತಲೆ, ಹಣೆ, ಬೆನ್ನು

ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜಿ ಸೊಪ್ಪಿನ ಹೊರೆಯನ್ನು ತಲೆಯ ಮೇಲೆ ಹೊತ್ತು ತರುತ್ತಿದ್ದರಂತೆ. ತಲೆಗೂ ಹೊರೆಗೂ ನಡುವೆ ಬಟ್ಟೆ ಸುತ್ತಿದ ಸಿಂಬೆ. ನೀವು ಊರಿಗೆ ಹೋದಾಗ ಕೊಡ ಹೊತ್ತವರನ್ನು ನೋಡಿರಬಹುದು: ಕತ್ತು, ಬೆನ್ನು, ಸೊಂಟ ಎಲ್ಲ ನೇರ ಒಂದೇ ಗೆರೆಯಲ್ಲಿ ಇರುತ್ತವೆ. ಭಾರ ಮೂಳೆಗಳ ಮೇಲೆ ನೇರವಾಗಿ ಇಳಿಯುತ್ತದೆ.

ನೇಪಾಳದ ಹಮಾಲರು ಡೋಕೊ ಎಂಬ ಬಿದಿರಿನ ಬುಟ್ಟಿಯನ್ನು ಬೆನ್ನಿಗೆ ಒರಗಿಸಿ, ಅದಕ್ಕೆ ಕಟ್ಟಿದ ಅಗಲ ಪಟ್ಟಿಯನ್ನು ನೆತ್ತಿಯ ಮುಂಭಾಗಕ್ಕೆ ಹಾಕಿಕೊಳ್ಳುತ್ತಾರೆ. ಆ ಪಟ್ಟಿಯ ಹೆಸರು ನಾಮ್ಲೊ. ಕೆನಡಾದಲ್ಲಿ ಹಿಂದೆ ತುಪ್ಪಳದ ವ್ಯಾಪಾರಕ್ಕೆ ದೋಣಿ ನಡೆಸುತ್ತಿದ್ದವರೂ ಹೀಗೆಯೇ ಹಣೆಪಟ್ಟಿ ಬಳಸುತ್ತಿದ್ದರು. ಒಂದೊಂದು ಮೂಟೆ 90 ಪೌಂಡ್, ಅಂದರೆ ಸುಮಾರು 41 ಕೆಜಿ. ಒಂದು ನದಿಯಿಂದ ಇನ್ನೊಂದಕ್ಕೆ ನಡೆಯುವಾಗ ಸಾಮಾನ್ಯವಾಗಿ ಎರಡೆರಡು ಮೂಟೆ ಹೊರುತ್ತಿದ್ದರು.

ಇವರಲ್ಲಿ ಯಾರೂ ಇಡೀ ಭಾರವನ್ನು ಹೆಗಲಿಗೆ ಕೊಡಲಿಲ್ಲ ಎನ್ನುವುದನ್ನು ಗಮನಿಸಿ. ಹೆಗಲಿನ ಸ್ನಾಯುಗಳು ಬೇಗ ಸೋಲುತ್ತವೆ ಎಂದು ಅವರಿಗೆಲ್ಲ ಅನುಭವದಿಂದ ಗೊತ್ತಿತ್ತು.

ಬೆನ್ನಿಗೆ ಚೌಕಟ್ಟು ಕಟ್ಟಿಕೊಳ್ಳುವ ಉಪಾಯವೂ ತುಂಬಾ ಹಳೆಯದು. 1991ರ ಸೆಪ್ಟೆಂಬರ್ 19ರಂದು ನ್ಯೂರ್ನ್‌ಬರ್ಗ್‌ನ ದಂಪತಿ ಆಸ್ಟ್ರಿಯಾ ಮತ್ತು ಇಟಲಿಯ ಗಡಿಯಲ್ಲಿ, 3,210 ಮೀಟರ್ ಎತ್ತರದಲ್ಲಿ ನಡೆಯುತ್ತಿದ್ದಾಗ ಮಂಜುಗಡ್ಡೆಯಲ್ಲಿ ಒಂದು ಶವವನ್ನು ಕಂಡರು. ಮೊದಲು ಯಾರೋ ಇತ್ತೀಚಿನ ಪರ್ವತಾರೋಹಿ ಎಂದುಕೊಂಡರು. ನೋಡಿದರೆ ಅವನು ಸತ್ತು 5,000 ವರ್ಷಗಳ ಮೇಲಾಗಿತ್ತು. ಅವನೇ ಈಗ ಎಲ್ಲರಿಗೂ ಗೊತ್ತಿರುವ ಓಟ್ಸಿ. ಅವನ ಹತ್ತಿರ ಸಿಕ್ಕಿದ ಸಾಮಾನುಗಳಲ್ಲಿ U ಆಕಾರಕ್ಕೆ ಬಗ್ಗಿಸಿದ, ಸುಮಾರು ಎರಡು ಮೀಟರ್ ಉದ್ದದ ಹೇಝಲ್ ಕೋಲು ಮತ್ತು ಲಾರ್ಚ್ ಮರದ ಎರಡು ಹಲಗೆಗಳಿದ್ದವು. ಅದು ಬೆನ್ನಿಗೆ ಕಟ್ಟಿಕೊಳ್ಳುವ ಚೌಕಟ್ಟು ಎಂದು ಹಲವು ಸಂಶೋಧಕರು ಹೇಳುತ್ತಾರೆ. ಅದನ್ನು ಒಪ್ಪದವರೂ ಇದ್ದಾರೆ. ಅವನ ಹತ್ತಿರ ಬರ್ಚ್ ತೊಗಟೆಯ ಎರಡು ಡಬ್ಬಗಳೂ ಇದ್ದವು. ಒಂದರಲ್ಲಿ ಮೇಪಲ್ ಎಲೆಯಲ್ಲಿ ಸುತ್ತಿದ ಕೆಂಡ ಒಯ್ಯುತ್ತಿದ್ದ. ಅವನೂ ನಮ್ಮ ಹಾಗೆಯೇ ರಾತ್ರಿಯ ಬೆಂಕಿಗೆ, ಚಳಿಗೆ ಯೋಚನೆ ಮಾಡಿ ಸಾಮಾನು ಕಟ್ಟಿದ್ದ. ರಜೆಯಲ್ಲಿ ಇಟಲಿ ಕಡೆ ಕಾರಿನಲ್ಲಿ ಹೋಗುವವರು ದಾರಿಯಲ್ಲಿ ಬೊಲ್ಜಾನೊ ಊರಿನ ಮ್ಯೂಸಿಯಂನಲ್ಲಿ ಇವನ್ನೆಲ್ಲ ನೋಡಬಹುದು.

ಶಾಲಾ ಹುಡುಗರು ಕಾಡಿಗೆ ಹೊರಟಾಗ

ರಕ್‌ಸ್ಯಾಕ್ ಎಂಬ ಪದ ಇಂಗ್ಲಿಷಿಗೆ ಹೋಗಿದ್ದು ನಾವಿರುವ ಈ ಜರ್ಮನ್ ಭಾಷೆಯಿಂದ. ಬೆನ್ನಿಗೆ 'ರ್ಯೂಕನ್', ಚೀಲಕ್ಕೆ 'ಜಾಕ್'. ಆಲ್ಪ್ಸ್ ಕಡೆಯ ಆಡುಮಾತಿನಲ್ಲಿ ಬೆನ್ನಿಗೆ 'ರುಕ್' ಎನ್ನುತ್ತಾರೆ. ಹಾಗಾಗಿ ರುಕ್‌ಜಾಕ್ ಎಂದರೆ ಸರಳವಾಗಿ ಬೆನ್ನುಚೀಲ.

ಬೇಟೆಗಾರರ, ಕುರುಬರ ಈ ಚೀಲ ಮಕ್ಕಳ ಬೆನ್ನಿಗೆ ಬಂದ ಕಥೆ ನನಗೆ ತುಂಬಾ ಇಷ್ಟವಾಯಿತು. ಬರ್ಲಿನ್ ಪಕ್ಕದ ಸ್ಟೆಗ್ಲಿಟ್ಸ್‌ನ ಗಿಮ್ನಾಸಿಯಂ ಹುಡುಗರು 1890ರ ದಶಕದ ಕೊನೆಯಲ್ಲಿ ಊರು ಬಿಟ್ಟು ಕಾಡು ಮೇಡು ಸುತ್ತಲು ಶುರು ಮಾಡಿದರು. 1901ರ ನವೆಂಬರ್ 4ರಂದು ಅವರ ಗುಂಪಿಗೆ ಒಂದು ಸಂಘದ ರೂಪ ಬಂತು. ಹೆಸರು 'ವಾಂಡರ್‌ಫೋಗೆಲ್', ಅಂದರೆ ಅಲೆಮಾರಿ ಹಕ್ಕಿ. ಬೆನ್ನಿಗೆ ರುಕ್‌ಜಾಕ್, ಕೈಯಲ್ಲಿ ಗಿಟಾರ್, ಚೀಲಕ್ಕೆ ನೇತು ಹಾಕಿದ ಅಡುಗೆ ಪಾತ್ರೆ. ರಾತ್ರಿ ಯಾರದೋ ಹುಲ್ಲಿನ ಕೊಟ್ಟಿಗೆಯಲ್ಲಿ ನಿದ್ದೆ. ಕೆಲವೇ ವರ್ಷಗಳಲ್ಲಿ ಈ ಚಟುವಟಿಕೆ ದೇಶವಿಡೀ ಹಬ್ಬಿತು, ಹುಡುಗಿಯರೂ ಸೇರಿದರು. 1933ರಲ್ಲಿ ನಾಜಿ ಸರ್ಕಾರ ಇಂಥ ಸ್ವತಂತ್ರ ಗುಂಪುಗಳನ್ನೆಲ್ಲ ಮುಚ್ಚಿಸಿತು. ಎಲ್ಲ ಮಕ್ಕಳೂ ಸರ್ಕಾರದ ಸಂಘಟನೆಯಲ್ಲೇ ಇರಬೇಕೆಂದು ಒತ್ತಾಯ ಮಾಡಿತು. ಗೆಳೆಯರ ಜೊತೆ ಸುಮ್ಮನೆ ಒಂದು ಚೀಲ ಹೊತ್ತು ಕಾಡಿಗೆ ಹೋಗುವುದೂ ಒಂದು ಸ್ವಾತಂತ್ರ್ಯ ಎಂದು ನಾನು ಅದನ್ನು ಓದುವ ತನಕ ಯೋಚಿಸಿರಲಿಲ್ಲ.

ಆ ಹುಡುಗರ ಚೀಲ ಹೇಗಿತ್ತು? ದಪ್ಪ ಹತ್ತಿಯ ಕ್ಯಾನ್ವಾಸ್, ಎರಡು ಚರ್ಮದ ಪಟ್ಟಿ, ಬಾಯಿಗೆ ಒಂದು ದಾರ. ಒಳಗೆ ಯಾವ ಚೌಕಟ್ಟೂ ಇಲ್ಲ. ಸಾಮಾನು ತುಂಬಿದಾಗ ಪೇರಳೆ ಹಣ್ಣಿನ ಹಾಗೆ ಕೆಳಗೆ ಉಬ್ಬಿ, ಹಿಂದಕ್ಕೆ ಜೋತು ಬೀಳುತ್ತಿತ್ತು. ಹೊತ್ತವರು ಮುಂದಕ್ಕೆ ಬಾಗಿ ನಡೆಯಬೇಕು.

ಬಾಗಿದ ಕೊಂಬೆ

ಇದಕ್ಕೆ ಪರಿಹಾರ ಹುಡುಕಿದವರಲ್ಲಿ ಒಬ್ಬರು ನಾರ್ವೆಯ ಓಲೆ ಬರ್ಗನ್. 1908ರಲ್ಲಿ ಬೇಟೆಗೆ ಹೋಗಿದ್ದಾಗ ಮೆತ್ತಗಿನ ಚೀಲದಲ್ಲಿ ಭಾರ ಹೊತ್ತು ಬೆನ್ನು ನೋವಾಯಿತಂತೆ. ಒಂದು ಜುನಿಪರ್ ಕೊಂಬೆಯನ್ನು ತಮ್ಮ ಬೆನ್ನಿನ ಆಕಾರಕ್ಕೆ ಬಗ್ಗಿಸಿ, ಅದನ್ನು ಚೀಲಕ್ಕೂ ಬೆನ್ನಿಗೂ ನಡುವೆ ಕಟ್ಟಿಕೊಂಡರು. ಭಾರ ಒಂದು ಕಡೆ ಜೋತು ಬೀಳುವುದು ನಿಂತಿತು. ಆಮೇಲೆ ಕೊಂಬೆಯ ಬದಲು ಹಗುರವಾದ ಉಕ್ಕಿನ ಕೊಳವೆ ಬಂತು. 1909ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. ಬ್ರಿಟಿಷ್ ಸೈನಿಕರು ಈಗಲೂ ತಮ್ಮ ದೊಡ್ಡ ಬೆನ್ನುಚೀಲಕ್ಕೆ 'ಬರ್ಗನ್' ಎಂದೇ ಹೇಳುತ್ತಾರೆ.

ಇದರಲ್ಲಿ ನಾನು ಗಮನಿಸಿದ್ದು ಇಷ್ಟು: ಬರ್ಗನ್ ಕೊಂಬೆಯನ್ನು ಬಗ್ಗಿಸಿದ್ದು ತಮ್ಮ ಸ್ವಂತ ಬೆನ್ನಿನ ಅಳತೆಗೆ. ಬೇರೆಯವರ ಬೆನ್ನಿಗಲ್ಲ.

ಅಮ್ಮನ ಹೊಲಿಗೆ ಯಂತ್ರ

ಚಿಕ್ಕವರೇ, ಈ ಭಾಗ ನಿಮಗಾಗಿ. 1950ರಲ್ಲಿ ಸ್ವೀಡನ್ನಿನ ಉತ್ತರ ಭಾಗದಲ್ಲಿ ಓಕೆ ನೂರ್ಡಿನ್ ಎಂಬ ಹುಡುಗನಿದ್ದ. ವಯಸ್ಸು 14, ಅಂದರೆ ನನಗಿಂತ ಎರಡು ವರ್ಷ ಚಿಕ್ಕವನು. ಅವನಿಗೆ ಬೆಟ್ಟ ಕಾಡು ಸುತ್ತುವ ಹುಚ್ಚು. ಆಗಿನ ಪೇರಳೆ ಆಕಾರದ ಚೀಲಗಳಿಂದ ಅವನಿಗೂ ಬೆನ್ನು ನೋವು. ಬೇರೆ ಚೀಲ ಕೊಡಿಸಿ ಎಂದು ಹಟ ಮಾಡುವ ಬದಲು ಅವನು ತಾನೇ ಒಂದು ಮಾಡಿದ. ಮರದ ಪಟ್ಟಿಗಳಿಂದ ಚೌಕಟ್ಟು ಕಟ್ಟಿದ, ಅಮ್ಮನ ಹೊಲಿಗೆ ಯಂತ್ರದಲ್ಲಿ ಗಟ್ಟಿ ಹತ್ತಿ ಬಟ್ಟೆಯ ಚೀಲ ಹೊಲಿದ, ಎರಡನ್ನೂ ಚರ್ಮದ ಪಟ್ಟಿಗಳಿಂದ ಜೋಡಿಸಿದ. ಭಾರ ಬೆನ್ನಿನ ಉದ್ದಕ್ಕೂ ಹಂಚಿಹೋಯಿತು, ಬೆನ್ನಿಗೂ ಚೀಲಕ್ಕೂ ನಡುವೆ ಗಾಳಿಯೂ ಆಡತೊಡಗಿತು.

ಅದೇ ಹುಡುಗ ದೊಡ್ಡವನಾಗಿ 1960ರಲ್ಲಿ ಶುರು ಮಾಡಿದ ಕಂಪನಿಯ ಹೆಸರು ಫ್ಯೆಲ್‌ರೇವನ್. ಸ್ವೀಡಿಶ್‌ನಲ್ಲಿ ಹಾಗೆಂದರೆ ಹಿಮನರಿ. 1978ರಲ್ಲಿ ಶಾಲಾ ಮಕ್ಕಳ ಬೆನ್ನಿನ ಆರೋಗ್ಯಕ್ಕಾಗಿ ಎಂದು ಅವರು ಮಾಡಿದ ಚೌಕಾಕಾರದ ಚೀಲವೇ ಕೋಂಕನ್. ನಮ್ಮ ಊರಿನ ಟ್ರಾಮ್‌ನಲ್ಲಿ ಕೂತು ಎಣಿಸಿ ನೋಡಿ, ಒಂದಾದರೂ ಕಾಣುತ್ತದೆ. ಆದರೆ ನೆನಪಿಡಿ, ಅದು ಪುಸ್ತಕದ ಚೀಲ. ಅದಕ್ಕೆ ದಪ್ಪನೆಯ ಸೊಂಟಪಟ್ಟಿ ಇಲ್ಲ. ಕಾಡಿನ ರಾತ್ರಿಗೆ ಅದು ಸಾಲದು.

ಜೀನ್ಸಿನ ಹಿಂದಿನ ಜೇಬು

ಇಲ್ಲಿಯ ತನಕ ಚೌಕಟ್ಟು ಬಂತು, ಆದರೆ ಭಾರ ಇನ್ನೂ ಹೆಗಲ ಮೇಲೇ ಇತ್ತು. ಅದನ್ನು ಸೊಂಟಕ್ಕೆ ಇಳಿಸಿದ ಕಥೆ ಅಮೆರಿಕದ್ದು.

ಡಿಕ್ ಕೆಲ್ಟಿ ಕ್ಯಾಲಿಫೋರ್ನಿಯಾದ ಗ್ಲೆಂಡೇಲ್‌ನಲ್ಲಿದ್ದ ಬಡಗಿ. ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ಗೆಳೆಯರೊಬ್ಬರ ಜೊತೆ ನಡೆಯುವಾಗ, ಚೌಕಟ್ಟಿನ ಕೆಳಗಿನ ಎರಡು ತುದಿಗಳನ್ನು ಜೀನ್ಸಿನ ಹಿಂದಿನ ಜೇಬುಗಳಲ್ಲಿ ಸಿಕ್ಕಿಸಿಕೊಂಡು ನೋಡಿದರು. ತಕ್ಷಣ ಹೆಗಲು ಹಗುರವಾಯಿತು. ಭಾರ ಜೇಬಿನ ಮೂಲಕ ಸೊಂಟಕ್ಕೆ, ಸೊಂಟದಿಂದ ಕಾಲಿಗೆ ಇಳಿದಿತ್ತು. ಇದೇ ತತ್ವದಿಂದ ಅವರು ಚೌಕಟ್ಟಿಗೆ ಸೊಂಟದ ಪಟ್ಟಿ ಜೋಡಿಸಿದರು.

1952ರಲ್ಲಿ ಅವರು ಮನೆಯ ಗ್ಯಾರೇಜಿನಲ್ಲಿ ಅಲ್ಯೂಮಿನಿಯಂ ಕೊಳವೆಗಳಿಂದ ಚೌಕಟ್ಟು ಮಾಡಿದರು, ಅವರ ಹೆಂಡತಿ ನೀನಾ ನೈಲಾನ್ ಬಟ್ಟೆಯ ಚೀಲ ಹೊಲಿದರು. ಈ ಎರಡು ವಸ್ತುಗಳಿಗೂ ಯುದ್ಧದ ನಂಟಿದೆ. ಎರಡನೇ ಮಹಾಯುದ್ಧದಲ್ಲಿ ವಿಮಾನಗಳಿಗೆ ಅಲ್ಯೂಮಿನಿಯಂ, ಪ್ಯಾರಾಶೂಟ್‌ಗಳಿಗೆ ನೈಲಾನ್ ರಾಶಿಗಟ್ಟಲೆ ಬೇಕಾಗಿತ್ತು. ಯುದ್ಧ ಮುಗಿದ ಮೇಲೆ ಅವು ಸಾಮಾನ್ಯ ಜನರಿಗೂ ಸಿಗತೊಡಗಿದವು. ನೆನೆದರೆ ಕಲ್ಲಿನಂತಾಗುತ್ತಿದ್ದ ಕ್ಯಾನ್ವಾಸಿನ ಜಾಗಕ್ಕೆ ಹಗುರ ನೈಲಾನ್ ಬಂತು. ಮೊದಲ ವರ್ಷ ಕೆಲ್ಟಿ ದಂಪತಿ ಮಾರಿದ್ದು 29 ಚೀಲ, ಒಂದಕ್ಕೆ 24 ಡಾಲರ್. 1963ರಲ್ಲಿ ಎವರೆಸ್ಟ್ ಏರಿದ ಮೊದಲ ಅಮೆರಿಕನ್ ತಂಡ ಕೆಲ್ಟಿ ಚೀಲಗಳನ್ನು ಒಯ್ದಿತ್ತು.

ಆದರೆ ಹೊರಗೆ ಕಾಣುವ ಆ ಚೌಕಟ್ಟಿಗೆ ಒಂದು ತೊಂದರೆ ಇತ್ತು. ಬಂಡೆ ಹತ್ತುವಾಗ, ಪೊದೆಗಳ ನಡುವೆ ನುಸುಳುವಾಗ ಅದು ಎಲ್ಲೆಂದರಲ್ಲಿ ಸಿಕ್ಕಿಕೊಳ್ಳುತ್ತಿತ್ತು, ಮೈಯಿಂದ ದೂರ ನಿಂತು ಓಲಾಡುತ್ತಿತ್ತು. 1967ರಲ್ಲಿ ಗ್ರೆಗ್ ಲೋ ಎಂಬ ಅಮೆರಿಕನ್ ಪರ್ವತಾರೋಹಿ ಚೌಕಟ್ಟನ್ನು ಚೀಲದ ಒಳಗೇ ಇಟ್ಟು ಹೊಲಿದರು. ಚೀಲ ಬೆನ್ನಿಗೆ ಅಂಟಿಕೊಂಡು ಮೈಯ ಜೊತೆಗೇ ತಿರುಗತೊಡಗಿತು. ಎದೆಯ ಮೇಲೆ ಹಾಕುವ ಪಟ್ಟಿ, ಹೆಗಲ ಮೇಲಿನಿಂದ ಚೀಲವನ್ನು ಬೆನ್ನಿಗೆ ಎಳೆಯುವ ಸಣ್ಣ ಪಟ್ಟಿಗಳು ಇವೆಲ್ಲ ಆ ಕಾಲದವು. ಇವತ್ತು ಅಂಗಡಿಯಲ್ಲಿ ನೀವು ನೋಡುವ ಟ್ರೆಕ್ಕಿಂಗ್ ಬ್ಯಾಗ್‌ಗಳಲ್ಲಿ ಹೆಚ್ಚಿನವು ಆ ಚೀಲದ ಮರಿಮಕ್ಕಳು.

67 ವರ್ಷದ ಅಜ್ಜಿ

ಇಷ್ಟು ಹೇಳಿದ ಮೇಲೆ, ಇದೆಲ್ಲವನ್ನೂ ಪಕ್ಕಕ್ಕೆ ಇಟ್ಟು ನಡೆದ ಒಬ್ಬ ಅಜ್ಜಿಯ ಕಥೆಯನ್ನೂ ಹೇಳಬೇಕು. ಎಮ್ಮಾ ಗೇಟ್‌ವುಡ್, 11 ಮಕ್ಕಳ ತಾಯಿ. 1955ರಲ್ಲಿ, 67ನೇ ವಯಸ್ಸಿನಲ್ಲಿ, ಅಮೆರಿಕದ ಅಪಲೇಚಿಯನ್ ಟ್ರೇಲ್ ಅನ್ನು ಒಬ್ಬರೇ ಒಂದೇ ಋತುವಿನಲ್ಲಿ ನಡೆದು ಮುಗಿಸಿದ ಮೊದಲ ಮಹಿಳೆ. 3,200 ಕಿಲೋಮೀಟರ್‌ಗೂ ಹೆಚ್ಚಿನ ಕಾಡು ದಾರಿ. ಹೆಗಲಿಗೆ ತಾವೇ ಹೊಲಿದ ಡೆನಿಮ್ ಚೀಲ. ಅದರಲ್ಲಿ ಒಂದು ಕಂಬಳಿ, ರೇನ್‌ಕೋಟ್, ಮಳೆ ಬಂದರೆ ಮೇಲೆ ಹೊದೆಯಲು ಬಾತ್‌ರೂಮಿನ ಪ್ಲಾಸ್ಟಿಕ್ ಪರದೆ, ಸ್ವಲ್ಪ ತಿಂಡಿ. ಕಾಲಿಗೆ ಕ್ಯಾನ್ವಾಸ್ ಶೂ. ಟೆಂಟೂ ಇಲ್ಲ, ಸ್ಲೀಪಿಂಗ್ ಬ್ಯಾಗೂ ಇಲ್ಲ.

ನೀವೂ ಹಾಗೆ ಹೋಗಿ ಎಂದು ನಾನು ಹೇಳುತ್ತಿಲ್ಲ. ಆದರೆ ಅವರಿಗೆ ಸೊಂಟಪಟ್ಟಿ ಯಾಕೆ ಬೇಕಾಗಲಿಲ್ಲ ಎಂದು ಯೋಚಿಸಿ. ಹೊರೆಯೇ ಚಿಕ್ಕದಾಗಿತ್ತು. ನನ್ನ ಉಪ್ಪಿನಕಾಯಿ ಬಾಟಲಿ ನೆನಪಾಯಿತು.

ಹಾಗಾದರೆ ಯಾವ ಬ್ಯಾಗ್?

ಈಗ ಆ ಇಬ್ಬರು ಆಂಟಿಯರ ಪ್ರಶ್ನೆಗೆ ಬರುತ್ತೇನೆ.

ಮೊದಲು ಲೀಟರ್ ಕೇಳಬೇಡಿ, ಬೆನ್ನಿನ ಉದ್ದ ಅಳೆಯಿರಿ. ತಲೆ ಮುಂದಕ್ಕೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಒಂದು ಮೂಳೆ ಉಬ್ಬುತ್ತದೆ. ಅಲ್ಲಿಂದ ಸೊಂಟದ ಮೂಳೆಯ ಮೇಲಂಚಿನ ಮಟ್ಟದ ತನಕ ಅಮ್ಮನ ಹೊಲಿಗೆಯ ಟೇಪ್ ಹಿಡಿಯಿರಿ. ಸೊಂಟದ ಎರಡೂ ಕಡೆ ಕೈಯಿಟ್ಟು ಹೆಬ್ಬೆರಳು ಹಿಂದೆ ಬರುವ ಹಾಗೆ ನಿಂತರೆ ಆ ಮಟ್ಟ ಸುಲಭವಾಗಿ ಸಿಗುತ್ತದೆ. ಒಳ್ಳೆಯ ಬ್ಯಾಗ್‌ಗಳ ಮೇಲೆ ಅದು ಎಷ್ಟು ಉದ್ದದ ಬೆನ್ನಿಗೆ ಎಂದು ಬರೆದಿರುತ್ತದೆ, ಅಥವಾ ಹೆಗಲಪಟ್ಟಿಯನ್ನು ಮೇಲೆ ಕೆಳಗೆ ಸರಿಸಬಹುದು. ಇಬ್ಬರ ಎತ್ತರ ಒಂದೇ ಇದ್ದರೂ ಬೆನ್ನಿನ ಉದ್ದ ಬೇರೆ ಇರಬಹುದು.

ಇಲ್ಲಿ ಅಪ್ಪ ಅಮ್ಮಂದಿರಿಗೆ ಒಂದು ಮಾತು, ತಪ್ಪು ತಿಳಿಯಬೇಡಿ. ನಮ್ಮ ಮನೆಗಳಲ್ಲಿ ಎಲ್ಲ ವಸ್ತುವಿಗೂ ಒಂದೇ ಲೆಕ್ಕ: "ಬೆಳೆಯೋ ಮಕ್ಕಳು, ಒಂದು ಸೈಜ್ ದೊಡ್ಡದೇ ಇರಲಿ." ಜಾಕೆಟ್‌ಗೆ ಅದು ಸರಿ, ತೋಳು ಮಡಚಬಹುದು. ಬೆನ್ನುಚೀಲಕ್ಕೆ ಅದು ನಡೆಯುವುದಿಲ್ಲ. ಬೆನ್ನು ಚಿಕ್ಕದು, ಚೀಲ ಉದ್ದ ಇದ್ದರೆ ಸೊಂಟಪಟ್ಟಿ ಸೊಂಟದಿಂದ ಕೆಳಗೆ ಜಾರುತ್ತದೆ, ಇಡೀ ಭಾರ ಮತ್ತೆ ಹೆಗಲಿಗೆ ಬರುತ್ತದೆ. ಕೆಲ್ಟಿ ಕಂಡುಹಿಡಿದದ್ದು ವ್ಯರ್ಥವಾಗುತ್ತದೆ. ಮಕ್ಕಳು ಬೆಳೆಯುತ್ತಾರೆ ಎಂಬ ಚಿಂತೆ ಇದ್ದರೆ ಬೆನ್ನಿನ ಉದ್ದ ಹೊಂದಿಸಬಹುದಾದ ಬ್ಯಾಗ್ ತೆಗೆದುಕೊಳ್ಳಿ. ಫ್ಲೋಮಾರ್ಕ್ಟ್‌ನಲ್ಲಿ ಹಳೆಯದು ಸಿಕ್ಕರೂ ಆಯಿತು. ಜರ್ಮನ್ ಆಲ್ಪೈನ್ ಕ್ಲಬ್‌ನ ಹಲವು ಶಾಖೆಗಳು ತಮ್ಮ ಸದಸ್ಯರಿಗೆ ಸಾಮಾನು ಬಾಡಿಗೆಗೂ ಕೊಡುತ್ತವೆ.

ಎರಡನೆಯದು ಸೊಂಟಪಟ್ಟಿ. ತೆಳ್ಳಗಿನ ದಾರದಂಥ ಪಟ್ಟಿ ಸಾಲದು, ಒಳಗೆ ಮೆತ್ತೆ ಇದ್ದು ಸ್ವಲ್ಪ ಗಟ್ಟಿಯಾಗಿರಬೇಕು, ಸೊಂಟದ ಮೂಳೆಯ ಮೇಲೆ ಕೂರಬೇಕು. ಹಾಕಿಕೊಳ್ಳುವ ಕ್ರಮವೂ ಮುಖ್ಯ. ಮೊದಲು ಎಲ್ಲ ಪಟ್ಟಿಗಳನ್ನೂ ಸಡಿಲ ಮಾಡಿ. ಸೊಂಟಪಟ್ಟಿ ಬಿಗಿಯಿರಿ. ಆಮೇಲೆ ಹೆಗಲಪಟ್ಟಿ, ಆಮೇಲೆ ಹೆಗಲ ಮೇಲಿನ ಸಣ್ಣ ಪಟ್ಟಿಗಳು, ಕೊನೆಗೆ ಎದೆಪಟ್ಟಿ. ನಮ್ಮಲ್ಲಿ ಹೆಚ್ಚಿನವರು ಮೊದಲು ಹೆಗಲು ಬಿಗಿದು ಸೊಂಟವನ್ನು ಮರೆಯುತ್ತಾರೆ.

ಮೂರನೆಯದು, ಖಾಲಿ ಬ್ಯಾಗ್ ಹಾಕಿ ನೋಡಿ ಕೊಳ್ಳಬೇಡಿ. ಖಾಲಿ ಇದ್ದಾಗ ಎಲ್ಲ ಬ್ಯಾಗೂ ಹಾಯಾಗಿಯೇ ಇರುತ್ತದೆ. ಅಂಗಡಿಯಲ್ಲಿ ಒಳಗೆ ತುಂಬಲು ಭಾರ ಕೇಳಿ. ಮನೆಗೆ ತರಿಸಿದರೆ 5 ಕೆಜಿ ಅಕ್ಕಿಯ ಚೀಲ ಒಳಗಿಟ್ಟು, ಲೇಬಲ್ ಕೀಳದೆ, ಅರ್ಧ ಗಂಟೆ ಮನೆಯಲ್ಲೇ ಮೆಟ್ಟಿಲು ಹತ್ತಿ ಇಳಿಯಿರಿ. ಹೆಗಲಪಟ್ಟಿಯ ಕೆಳಗೆ ಬೆರಳು ತೂರಿಸಿ ನೋಡಿ. ಬೆರಳು ಸುಲಭವಾಗಿ ಹೋದರೆ ಭಾರ ಸೊಂಟದ ಮೇಲಿದೆ ಎಂದು ಅರ್ಥ.

ಈಗ ಲೀಟರ್. ಟೆಂಟನ್ನು ಗೆಳೆಯರೊಡನೆ ಹಂಚಿಕೊಂಡು ಹೋಗುವ ನನ್ನ ವಯಸ್ಸಿನವರಿಗೆ ಕಾಡಿನ ಒಂದು ರಾತ್ರಿಗೆ 40ರಿಂದ 50 ಲೀಟರ್ ಸಾಕು. ಅಪ್ಪ ಅಮ್ಮನ ಜೊತೆ ಹೋಗುವ ಹತ್ತು, ಹನ್ನೆರಡು ವರ್ಷದವರು ತಮ್ಮ ಸ್ಲೀಪಿಂಗ್ ಬ್ಯಾಗ್, ಬಟ್ಟೆ, ನೀರು ಹೊತ್ತರೆ ಸಾಕು. ಅದಕ್ಕೆ 25ರಿಂದ 30 ಲೀಟರ್ ಆಗುತ್ತದೆ. ದೊಡ್ಡ ಬ್ಯಾಗ್ ಕೊಂಡರೆ ಏನಾಗುತ್ತದೆ ಎಂದು ಈಗಾಗಲೇ ಹೇಳಿದ್ದೇನೆ: ಖಾಲಿ ಜಾಗ ಕಂಡರೆ ಅದನ್ನು ತುಂಬುವ ತನಕ ಯಾರಿಗೂ ಸಮಾಧಾನ ಇರುವುದಿಲ್ಲ. ತುಂಬಿದ ಚೀಲ ನಮ್ಮ ತೂಕದ ಐದನೇ ಒಂದು ಭಾಗವನ್ನು ಮೀರಬಾರದು ಎನ್ನುವುದು ನಡೆಯುವವರ ಸಾಮಾನ್ಯ ಲೆಕ್ಕ. ಚಿಕ್ಕ ಮಕ್ಕಳಿಗೆ ಇನ್ನೂ ಕಡಿಮೆ. ನನ್ನ 54 ಕೆಜಿಗೆ 11 ಕೆಜಿಯೇ ಹೆಚ್ಚು. ನಾನು ಹೊತ್ತದ್ದು 17. ಒಂದು ಲೀಟರ್ ನೀರು ಎಂದರೆ ಒಂದು ಕೆಜಿ ಎನ್ನುವುದನ್ನೂ ಮರೆಯಬೇಡಿ.

ಕೊನೆಗೆ ಮಳೆ ಮತ್ತು ಜೋಡಣೆ. ನೈಲಾನ್ ಬಟ್ಟೆ ನೀರು ತಡೆದರೂ ಹೊಲಿಗೆ ಮತ್ತು ಜಿಪ್‌ಗಳಲ್ಲಿ ನೀರು ಒಳಗೆ ಬರುತ್ತದೆ. ಬ್ಯಾಗಿನೊಳಗೆ ಮೊದಲು ಒಂದು ದಪ್ಪ ಪ್ಲಾಸ್ಟಿಕ್ ಕಸದ ಚೀಲ ಹಾಕಿ, ಸ್ಲೀಪಿಂಗ್ ಬ್ಯಾಗ್ ಮತ್ತು ಒಣ ಬಟ್ಟೆಯನ್ನು ಅದರೊಳಗಿಟ್ಟು ಬಾಯಿ ಮಡಚಿ. ಇದಕ್ಕೆ ಕೆಲವೇ ಸೆಂಟ್ ಖರ್ಚು. ಸ್ಲೀಪಿಂಗ್ ಬ್ಯಾಗ್ ಎಲ್ಲಕ್ಕಿಂತ ಕೆಳಗಿರಲಿ. ಭಾರವಾದ ಊಟ, ನೀರು, ಟೆಂಟ್ ಬೆನ್ನಿಗೆ ಹತ್ತಿರ, ನಡುಭಾಗದಿಂದ ಸ್ವಲ್ಪ ಮೇಲೆ ಇರಲಿ. ಹಗುರವಾದ ಬಟ್ಟೆ ಹೊರಭಾಗಕ್ಕೆ. ಅಕ್ಕಿ ಚೀಲವನ್ನು ಎದೆಗೆ ಅವುಚಿ ಹಿಡಿಯುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ಎಷ್ಟು ವ್ಯತ್ಯಾಸ ಎಂದು ಒಮ್ಮೆ ಮಾಡಿ ನೋಡಿ, ಇದರ ಕಾರಣ ತಿಳಿಯುತ್ತದೆ. ರೇನ್‌ಕೋಟ್, ಟಾರ್ಚ್, ತಿಂಡಿ ಮೇಲಿನ ಜೇಬಿನಲ್ಲಿ.

ಮತ್ತೆ ಅದೇ ಕಾಡಿಗೆ

ಈ ಮೇ ತಿಂಗಳಲ್ಲಿ ಅದೇ ಗೆಳೆಯರ ಜೊತೆ ಅದೇ ಕ್ಯಾಂಪ್‌ಗೆ ಮತ್ತೆ ಹೋಗಿದ್ದೆ. ಹೋಗುವ ಹಿಂದಿನ ವಾರ ಅಪ್ಪ ನನ್ನನ್ನು ಗೋಡೆಗೆ ನಿಲ್ಲಿಸಿ ಟೇಪ್ ಹಿಡಿದು ಬೆನ್ನು ಅಳೆದರು. 44 ಸೆಂಟಿಮೀಟರ್. ಅಪ್ಪ ತಮ್ಮದನ್ನೂ ಅಳೆಸಿಕೊಂಡರು, 52. "ಹೌದಲ್ಲ, ನಾನೇ ನೋಡಬೇಕಿತ್ತು" ಅಂದರು. ಅಪ್ಪ ಹೆಮ್ಮೆಯಿಂದ ಕೊಟ್ಟ ಚೀಲವನ್ನು ಬೇಡ ಎನ್ನುವುದು ಹೇಗೆ ಎಂದು ನಾನು ಎಷ್ಟೋ ದಿನ ಯೋಚಿಸಿದ್ದೆ. ಆ ಟೇಪ್ ನಮ್ಮಿಬ್ಬರ ಕೆಲಸವನ್ನೂ ಸುಲಭ ಮಾಡಿತು.

ಸೆಕೆಂಡ್‌ಹ್ಯಾಂಡ್‌ನಲ್ಲಿ 30 ಯೂರೋಗೆ ಸಿಕ್ಕಿದ 45 ಲೀಟರ್‌ನ ಬ್ಯಾಗ್ ಹೊತ್ತುಕೊಂಡು ಹೋದೆ. ಒಂದು ಜಿಪ್ ಸ್ವಲ್ಪ ಗಟ್ಟಿ, ಬಣ್ಣ ಮಾಸಿದೆ, ಸೊಂಟಪಟ್ಟಿ ಮಾತ್ರ ಸೊಂಟದ ಮೇಲೇ ಕೂರುತ್ತದೆ. ಉಪ್ಪಿನಕಾಯಿಯನ್ನು ಅಮ್ಮ ಈ ಸಲ ಸಣ್ಣ ಪ್ಲಾಸ್ಟಿಕ್ ಡಬ್ಬದಲ್ಲಿ ಕೊಟ್ಟರು. ಒಟ್ಟು 10 ಕೆಜಿ. ಕೊನೆಯ ಏರಿನಲ್ಲಿ ನಮ್ಮ ಗುಂಪಿನ ಒಬ್ಬನ ಕಾಲಿಗೆ ಬೊಬ್ಬೆ ಬಂದು ಅವನು ನಿಧಾನವಾದ. ಹೋದ ಸಲ ನನ್ನ ನೀರಿನ ಬಾಟಲಿ ಹೊತ್ತವನೇ ಅವನು. ಈ ಸಲ ಅವನ ಬಾಟಲಿಗಳನ್ನು ನಾನು ತೆಗೆದುಕೊಂಡೆ.

ನಿಮ್ಮ ಪ್ರವಾಸ ಚೆನ್ನಾಗಿರಲಿ. ಹೊರಡುವ ಮೊದಲು ಮನೆಯಲ್ಲಿ ಎಲ್ಲರೂ ಒಂದು ಸಲ ಬೆನ್ನು ಅಳೆದುಕೊಳ್ಳಿ. ಟೇಪ್ ಸಿಗದಿದ್ದರೆ ಒಂದು ದಾರ, ಒಂದು ಸ್ಕೇಲ್ ಸಾಕು.